ಬ್ರೆಡ್ ಸ್ಟಾರ್ಟರ್‌ಗೆ ಡಬ್ಬಿ ಆರಿಸುವುದು ಹೇಗೆ: ಅಳತೆಯಿಂದ ಮುಚ್ಚಳದವರೆಗೆ

"ಹಿಟ್ಟು ಉಕ್ಕಿ ಶೆಲ್ಫಿನಿಂದ ಕೆಳಗೆ ಇಳಿದಿದೆ, ಏನು ಮಾಡಲಿ?" "ನಾಲ್ಕು ದಿನ ಆಯ್ತು, ಏಳಲೇ ಇಲ್ಲ." ಬ್ರೆಡ್‌ಗೆ ಮನೆಯಲ್ಲೇ ಯೀಸ್ಟ್ ಬೆಳೆಸಲು ಹೊರಟ ತುಮಕೂರಿನ ಗೆಳೆಯರು, ಗುಬ್ಬಿ, ಶಿರಾ ಕಡೆಯ ನೆಂಟರು ಮತ್ತೆ ಮತ್ತೆ ಕೇಳುವುದು ಇವೆರಡೇ. ಯಾವ ಹಿಟ್ಟು, ಎಷ್ಟು ನೀರು ಅಂತ ಎಲ್ಲರೂ ಚೆನ್ನಾಗಿ ಹೇಳುತ್ತಾರೆ. ಯಾವುದರಲ್ಲಿ ಇಟ್ಟಿದ್ದೀರಿ ಅಂದರೆ ಮಾತ್ರ "ಅಲ್ಲೇ ಇದ್ದ ಒಂದು ಬಾಟಲಿ" ಅನ್ನುತ್ತಾರೆ. ತಪ್ಪು ಬಹುಪಾಲು ಅಲ್ಲೇ ಇರುತ್ತದೆ.

ಸ್ಟಾರ್ಟರ್ ಅಂದರೆ ಹಿಟ್ಟು, ನೀರು ಕಲಸಿಟ್ಟು, ಅದರಲ್ಲೇ ಇರುವ ಯೀಸ್ಟ್ ಮತ್ತು ಹುಳಿ ಬ್ಯಾಕ್ಟೀರಿಯಾಗಳನ್ನು ದಿನಾ ಹೊಸ ಹಿಟ್ಟು ಹಾಕಿ ಸಾಕುವುದು. ಬ್ರೆಡ್‌ಗೆ ಅದೇ ಹೆಪ್ಪು. ಇಡ್ಲಿ ಹಿಟ್ಟಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಇಡ್ಲಿ ಹಿಟ್ಟು ಪಾತ್ರೆಯಲ್ಲಿ ಒಂದು ರಾತ್ರಿ ಇರುತ್ತದೆ, ಬೆಳಿಗ್ಗೆ ಖಾಲಿ. ಸ್ಟಾರ್ಟರ್ ತಿಂಗಳುಗಟ್ಟಲೆ ಅದೇ ಡಬ್ಬಿಯಲ್ಲಿ ಸಂಸಾರ ಮಾಡುತ್ತದೆ. ಹಾಗಾಗಿ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದು ಬೆಳೆದ, ಹಿಟ್ಟು ಹುದುಗಿಸುವುದರಲ್ಲಿ ಪಳಗಿದ ಕೈಗಳೂ ಇಲ್ಲಿ ಎಡವುತ್ತವೆ.

ಬಿಯರ್ ಮಾಡುವವರೂ ಯೀಸ್ಟ್ ಸ್ಟಾರ್ಟರ್ ಅನ್ನುವ ಮಾತು ಬಳಸುತ್ತಾರೆ. ಅದು ಬೇರೆ, ಮಾಲ್ಟಿನ ಸಿಹಿ ನೀರಿನಲ್ಲಿ ಗಾಜಿನ ಫ್ಲಾಸ್ಕ್ ಒಳಗೆ ಬೆಳೆಸುವಂಥದ್ದು. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಇಲ್ಲಿ ಹೇಳುತ್ತಿರುವುದು ಬ್ರೆಡ್ ವಿಷಯ ಮಾತ್ರ.

## ಮೊದಲು ಎತ್ತಿಟ್ಟುಕೊಳ್ಳಬೇಕಾದ ಸಾಮಾನು

ಗ್ರಾಂ ತೋರಿಸುವ ಡಿಜಿಟಲ್ ತೂಕದ ಯಂತ್ರ, ಎರಡು ರಬ್ಬರ್ ಬ್ಯಾಂಡ್, ಅಳಿಸಿಹೋಗದ ಮಾರ್ಕರ್ ಪೆನ್, ಉದ್ದ ಹಿಡಿಯ ಚಮಚ, ಚೂರು ಹತ್ತಿ, ಮನೆಯಲ್ಲಿರುವ ಖಾಲಿ ಬಾಟಲಿ ಡಬ್ಬಿಗಳೆಲ್ಲ. ಇಷ್ಟು ಸಾಕು. ಹೊಸ ಜಾರ್ ಕೊಳ್ಳಲು ಈಗಲೇ ಮಂಡಿಪೇಟೆಗೆ ಓಡಬೇಡಿ. ಮೂರನೇ ಹಂತ ಮುಗಿಯುವ ತನಕ ನಿಮಗೆ ಎಂಥದ್ದು ಬೇಕು ಅಂತ ನಿಮಗೇ ಗೊತ್ತಿರುವುದಿಲ್ಲ.

## ಹಂತ 1: ಸ್ಟಾರ್ಟರ್ ಎಷ್ಟು ಬೇಕು ಅಂತ ಲೆಕ್ಕ ಹಾಕಿ

ಡಬ್ಬಿ ನೋಡಿಕೊಂಡು ಹಿಟ್ಟು ಕಲಸುವುದು ಉಲ್ಟಾ ಕೆಲಸ. ಮೊದಲು ಬ್ರೆಡ್ಡಿನಿಂದ ಹಿಂದಕ್ಕೆ ಲೆಕ್ಕ ಹಾಕಿ.

400 ಗ್ರಾಂ ಹಿಟ್ಟಿನ ಒಂದು ಬ್ರೆಡ್‌ಗೆ ಸುಮಾರು 80 ಗ್ರಾಂ ಸ್ಟಾರ್ಟರ್ ಹಾಕುತ್ತೇವೆ. ಮುಂದಿನ ಸಲಕ್ಕೆ ಹೆಪ್ಪಾಗಿ 20 ಗ್ರಾಂ ಉಳಿಯಬೇಕು. ಡಬ್ಬಿಯ ಗೋಡೆಗೆ, ಚಮಚಕ್ಕೆ ಅಂಟಿಕೊಂಡು ಒಂದು 5 ಗ್ರಾಂ ಹೋಗುತ್ತದೆ. ಒಟ್ಟು 105 ಗ್ರಾಂ. ಅಂದರೆ ಹಳೆಯ ಸ್ಟಾರ್ಟರ್ 20, ಹಿಟ್ಟು 43, ನೀರು 42.

ಆಗ ತಾನೇ ಕಲಸಿದ 105 ಗ್ರಾಂ ಹೆಚ್ಚುಕಮ್ಮಿ 100 ಮಿಲಿ ಜಾಗ ಹಿಡಿಯುತ್ತದೆ. ಚೆನ್ನಾಗಿರುವ ಸ್ಟಾರ್ಟರ್ ಎರಡರಿಂದ ಮೂರು ಪಟ್ಟು ಏರುತ್ತದೆ, ಅಲ್ಲಿಗೆ 300 ಮಿಲಿ ಆಯಿತು. ಮೇಲೆ ಒಂದಿಷ್ಟು ಖಾಲಿ ಜಾಗ ಬೇಕಲ್ವಾ? ಅದಕ್ಕೆ 400 ಮಿಲಿ. ಸುಲಭವಾಗಿ ನೆನಪಿಡಿ: ಸ್ಟಾರ್ಟರ್ ಎಷ್ಟು ಗ್ರಾಮೋ ಅದರ ನಾಲ್ಕರಷ್ಟು ಮಿಲಿಯ ಡಬ್ಬಿ.

ದೊಡ್ಡದಿದ್ದರೆ ಒಳ್ಳೆಯದೇ ಅಲ್ವಾ ಅಂತ ಎರಡು ಲೀಟರಿನ ಡಬ್ಬಿ ತೆಗೆದುಕೊಳ್ಳುವವರಿದ್ದಾರೆ. ಅದು ಮದುವೆ ಮನೆ ಹಂಡೆಯಲ್ಲಿ ಒಂದು ಲೋಟ ಪಾಯಸ ಇಟ್ಟ ಹಾಗೆ. ಹಿಟ್ಟು ತಳದಲ್ಲಿ ತೆಳುವಾಗಿ ಹರಡಿ ಬೇಗ ಒಣಗುತ್ತದೆ. ಎಷ್ಟು ಏರಿತು ಅನ್ನುವುದು ಕಣ್ಣಿಗೇ ಕಾಣುವುದಿಲ್ಲ. "ಏಳಲೇ ಇಲ್ಲ" ಅನ್ನುವ ದೂರಿನಲ್ಲಿ ಅರ್ಧ ಇಂಥವೇ. ಅದು ಎದ್ದು ಇಳಿದಿರುತ್ತದೆ, ನೋಡಿದವರಿಗೆ ಗೊತ್ತಾಗಿರುವುದಿಲ್ಲ.

## ಹಂತ 2: ಮನೆಯ ಡಬ್ಬಿಗಳನ್ನು ನೀರು ತುಂಬಿ ಅಳೆಯಿರಿ

ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ. ಜಾಮ್ ಬಾಟಲಿಯ ಲೇಬಲ್ ಮೇಲೆ 500 ಅಂತ ಇದೆ, ಹಾಗಾಗಿ ಅದು ಅರ್ಧ ಲೀಟರ್ ಜಾರ್ ಅಂತ ಅಂದುಕೊಳ್ಳುತ್ತಾರೆ. ಲೇಬಲ್ಲಿನ 500 ಗ್ರಾಂ ಅನ್ನುವುದು ಜಾಮಿನ ತೂಕ, ಬಾಟಲಿಯ ಅಳತೆ ಅಲ್ಲ. ಜಾಮ್ ನೀರಿಗಿಂತ ಭಾರ. 500 ಗ್ರಾಂ ಜಾಮ್ ಹಿಡಿಸಲು 375 ಮಿಲಿ ಜಾಗ ಸಾಕು. ಜೇನುತುಪ್ಪ ಇನ್ನೂ ಭಾರ, 500 ಗ್ರಾಮಿಗೆ ಸುಮಾರು 355 ಮಿಲಿ. ಅರ್ಧ ಲೀಟರ್ ಇದೆ ಅಂತ ನಂಬಿ 125 ಗ್ರಾಂ ಕಲಸಿಟ್ಟರೆ ಮೂರು ಪಟ್ಟು ಏರುವಷ್ಟರಲ್ಲಿ ಅದು ಬಾಯಿಗೆ ಬಂದಿರುತ್ತದೆ.

ಅಳೆಯುವುದು ಹೀಗೆ. ಖಾಲಿ ಜಾರನ್ನು ತೂಕದ ಯಂತ್ರದ ಮೇಲಿಡಿ. ಸೊನ್ನೆ ಒತ್ತಿ. ಅಂಚಿನ ತನಕ ನೀರು ತುಂಬಿ. ಎಷ್ಟು ಗ್ರಾಂ ತೋರಿಸುತ್ತದೋ ಜಾರ್ ಅಷ್ಟು ಮಿಲಿ, ಯಾಕೆಂದರೆ ಒಂದು ಮಿಲಿ ನೀರು ಒಂದು ಗ್ರಾಂ. ತೂಕದ ಯಂತ್ರ ಇನ್ನೂ ಬಂದಿಲ್ಲವಾದರೆ ಅರ್ಧ ಲೀಟರ್ ನೀರಿನ ಬಾಟಲಿಯಿಂದ ಸುರಿದು ನೋಡಿ. ಅಂದಾಜಾದರೂ ಸಿಗುತ್ತದೆ.

ಮನೆಯಲ್ಲಿರುವ ಎಲ್ಲವನ್ನೂ ಅಳೆದು ತಳದಲ್ಲಿ ಬರೆದುಬಿಡಿ. ಉಪ್ಪಿನಕಾಯಿ ಹಾಕುವಾಗಲೂ ಉಪಯೋಗಕ್ಕೆ ಬರುತ್ತದೆ.

## ಹಂತ 3: ಆಕಾರ ಮತ್ತು ಬಾಯಿ ನೋಡಿ

ಗೋಡೆ ನೇರವಾಗಿರಬೇಕು. ಹೊಟ್ಟೆ ದಪ್ಪ, ಕುತ್ತಿಗೆ ಸಣ್ಣ ಇರುವ ಜಾಡಿಯಲ್ಲಿ ಹಿಟ್ಟು ಮೇಲೆ ಬಂದಷ್ಟೂ ಜಾಗ ಕಿರಿದಾಗುತ್ತದೆ. ಒಂದು ಬೆರಳು ಏರಿದ್ದು ಮೂರು ಬೆರಳಿನಂತೆ ಕಾಣುತ್ತದೆ. ಕೆಳಗೆ ಕಿರಿದು ಮೇಲೆ ಅಗಲ ಇರುವ ಲೋಟದಲ್ಲಿ ಇದರ ಉಲ್ಟಾ. ನೇರ ಗೋಡೆಯಾದರೆ ಎತ್ತರ ಎರಡರಷ್ಟಾದರೆ ಹಿಟ್ಟೂ ಎರಡರಷ್ಟಾಗಿದೆ ಅಂತಲೇ ಅರ್ಥ.

ಬಾಯಿಯ ಅಗಲ 7ರಿಂದ 8 ಸೆಂಟಿಮೀಟರ್ ಇದ್ದರೆ ಒಳ್ಳೆಯದು. ಪರೀಕ್ಷೆ ಸುಲಭ: ನಾಲ್ಕು ಬೆರಳು ಒಳಗೆ ಹೋಗಿ ತಳ ಮುಟ್ಟಬೇಕು. ಮುಟ್ಟದಿದ್ದರೆ ತೊಳೆಯಲು ಆಗುವುದಿಲ್ಲ. ಹೆಗಲಿನ ಒಳಮೂಲೆಯಲ್ಲಿ ಉಳಿದ ಹಿಟ್ಟು ಒಣಗುತ್ತದೆ, ಮೊದಲು ಬೂಸ್ಟು ಹಿಡಿಯುವುದು ಅಲ್ಲೇ.

ಗಾಜಿನದಾದರೆ ಬಾಯಿಯ ಅಂಚಿನ ಸುತ್ತ ಚೂರು ಹತ್ತಿ ಉಜ್ಜಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಗಾಜು ಚಕ್ಕೆ ಎದ್ದಿದೆ. ಅದು ಗುಜರಿಗೆ. ಹಿಟ್ಟಿನೊಳಗೆ ಬಿದ್ದ ಗಾಜಿನ ಚೂರನ್ನು ಹುಡುಕಲು ಯಾರಿಂದಲೂ ಆಗದು.

## ಹಂತ 4: ಯಾವುದರಿಂದ ಮಾಡಿದ ಡಬ್ಬಿ?

ಸ್ಟಾರ್ಟರ್ ಹುಳಿ ಪದಾರ್ಥ. ಪಕ್ವವಾದಾಗ ಅದರ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 4ರ ಆಸುಪಾಸಿಗೆ, ಕೆಲವು ಸಲ ಅದಕ್ಕೂ ಕೆಳಗೆ ಇಳಿಯುತ್ತದೆ. ಮಣ್ಣಿನ ಕುಡಿಕೆ ಒಂದನ್ನು ಬಿಟ್ಟರೆ, ಮೊಸರು ಎಲ್ಲಿ ಇಡಬಹುದೋ ಅಲ್ಲಿ ಇದನ್ನೂ ಇಡಬಹುದು, ಎಲ್ಲಿ ಇಡಬಾರದೋ ಅಲ್ಲಿ ಇದೂ ಬೇಡ. ನಮ್ಮ ಅಜ್ಜಿಯಂದಿರಿಗೆ ಇಷ್ಟು ಹೇಳಿದ್ದರೆ ಸಾಕಿತ್ತು. ಈಗ ಡಬ್ಬಿಗಳ ಜಾತಿ ಜಾಸ್ತಿಯಾಗಿದೆ, ಒಂದೊಂದಾಗಿ ನೋಡೋಣ.

ಗಾಜು. ನನ್ನ ಮೊದಲ ಆಯ್ಕೆ. ಪಕ್ಕದಿಂದ ಗುಳ್ಳೆ ಕಾಣುತ್ತದೆ, ವಾಸನೆ ಹಿಡಿಯುವುದಿಲ್ಲ, ಹುಳಿಗೆ ಏನೂ ಆಗುವುದಿಲ್ಲ. ಒಂದೇ ಭಯ, ಬಿಸಿ ತಾಗಿದರೆ ಸೀಳುತ್ತದೆ. ಜಾಮ್ ಬಾಟಲಿಯ ಮಾಮೂಲಿ ಗಾಜು ತಣ್ಣಗಿರುವಾಗ ಕುದಿಯುವ ನೀರು ಸುರಿದರೆ ಟಣ್ ಅಂತ ಬಿರುಕು ಬಿಡುತ್ತದೆ. ಬಿಸಿ ಜಾರನ್ನು ತಣ್ಣನೆಯ ಗ್ರಾನೈಟ್ ಕಟ್ಟೆ ಮೇಲೆ ಇಟ್ಟರೂ ಅಷ್ಟೇ. ಕೆಳಗೆ ಬಟ್ಟೆ ಹಾಸಿ ಇಡಿ. ಬೋರೋಸಿಲಿಕೇಟ್ ಗಾಜು ಈ ಏರುಪೇರನ್ನು ಜಾಸ್ತಿ ತಡೆಯುತ್ತದೆ. ಆದರೆ ಸ್ಟಾರ್ಟರ್‌ಗೋಸ್ಕರ ಅದನ್ನೇ ಕೊಳ್ಳಬೇಕು ಅಂತೇನಿಲ್ಲ.

ಸ್ಟೀಲ್. ಯಾವ ತೊಂದರೆಯೂ ಇಲ್ಲ, ಒಡೆಯುವುದೂ ಇಲ್ಲ. ಒಳಗೆ ಏನಾಗುತ್ತಿದೆ ಅಂತ ಕಾಣುವುದಿಲ್ಲ ಅನ್ನುವುದೇ ಕೊರತೆ. ಮೊದಲ ಎರಡು ಮೂರು ವಾರ ಕಲಿಯುವ ಕಾಲ, ಆಗ ಕಾಣಲೇಬೇಕು. ಕೈ ಪಳಗಿದ ಮೇಲೆ ಸ್ಟೀಲ್ ಡಬ್ಬಿಗೆ ಬದಲಿಸಿದರೆ ಪರವಾಗಿಲ್ಲ. ಲೋಹದ ಚಮಚ ತಾಗಿದರೆ ಯೀಸ್ಟ್ ಸಾಯುತ್ತದೆ ಅನ್ನುವ ಮಾತು ಕೇಳಿರಬಹುದು. ಸ್ಟೀಲ್ ಚಮಚದಿಂದ ಏನೂ ಆಗುವುದಿಲ್ಲ, ಧೈರ್ಯವಾಗಿ ಕಲಸಿ.

ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ. ಬೇಡವೇ ಬೇಡ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಮೊಸರು ಇಟ್ಟರೆ ಕಿಲುಬುತ್ತದೆ ಅಂತ ಗೊತ್ತಲ್ಲ, ಇಲ್ಲೂ ಅದೇ. ಹುಳಿ ಲೋಹವನ್ನು ಕರಗಿಸಿ ಹಿಟ್ಟಿಗೆ ಸೇರಿಸುತ್ತದೆ. ಕಲಾಯಿ ಹಾಕಿಸಿದ್ದರೂ ದಿನಾ ಕೆರೆಯುವ ಚಮಚಕ್ಕೆ ಅದು ಸವೆಯುತ್ತಾ ಬರುತ್ತದೆ. ಅಲ್ಯೂಮಿನಿಯಂ ಡಬ್ಬಿಯ ಒಳಗೆ ಕಪ್ಪು ಚುಕ್ಕೆ, ಸಣ್ಣ ಗುಳಿ ಬೀಳುತ್ತವೆ.

ಮಣ್ಣಿನ ಕುಡಿಕೆ. ಮೊಸರಿಗೆ ಬಂಗಾರ, ಸ್ಟಾರ್ಟರ್‌ಗೆ ಅಲ್ಲ. ಮಣ್ಣು ನೀರನ್ನು ಹೀರುತ್ತದೆ, ಹಿಟ್ಟು ಗಟ್ಟಿಯಾಗುತ್ತದೆ. ಸಣ್ಣ ತೂತುಗಳಲ್ಲಿ ಹಳೆಯ ಹಿಟ್ಟು ಕೂತುಬಿಟ್ಟರೆ ತೊಳೆದು ತೆಗೆಯಲು ಆಗುವುದಿಲ್ಲ.

ಪಿಂಗಾಣಿ ಜಾಡಿ. ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿ ಎಲ್ಲರಿಗೂ ನೆನಪಾಗುತ್ತದೆ. ಹೊಟ್ಟೆ ದಪ್ಪ, ಒಳಗೆ ಕಾಣದು, ಮೇಲಾಗಿ ಹಳೆಯ ಮಾವಿನಕಾಯಿ ಎಣ್ಣೆಯ ವಾಸನೆ. ಹಳೆಯ ಅಗ್ಗದ ಜಾಡಿಗಳ ಹೊಳಪಿನಲ್ಲಿ ಸೀಸ ಇರುವ ಸಾಧ್ಯತೆ ಇದೆ, ಹುಳಿ ಅದನ್ನು ಹೊರಗೆಳೆಯಬಲ್ಲದು. ಹೊಳಪು ಬಿರುಕು ಬಿಟ್ಟಿದ್ದರಂತೂ ಅಟ್ಟದಲ್ಲೇ ಇರಲಿ.

ಪ್ಲಾಸ್ಟಿಕ್. ತಳದ ತ್ರಿಕೋನದೊಳಗಿನ ಅಂಕಿ ನೋಡಿ. 5 ಇದ್ದರೆ ಪಾಲಿಪ್ರೊಪಿಲೀನ್, ಬಿಸಿನೀರು ತಡೆಯುತ್ತದೆ, ನಡೆಯುತ್ತದೆ. 1 ಇದ್ದರೆ ಪೆಟ್, ನೀರಿನ ಬಾಟಲಿಯ ಜಾತಿ. ಬಿಸಿನೀರು ಹಾಕಿದರೆ ಸೊಟ್ಟಗಾಗುತ್ತದೆ. ಯಾವುದೇ ಆಗಲಿ, ಒಳಗೆ ಗೀರು ಬಿದ್ದ ಪ್ಲಾಸ್ಟಿಕ್ ಬೇಡ.

ಹಳೆಯ ಬಾಟಲಿಯ ವಾಸನೆ ಹೋಗಿದೆಯೋ ಇಲ್ಲವೋ ಅನ್ನುವ ಅನುಮಾನ ಇದ್ದರೆ ಬೆಚ್ಚಗಿನ ನೀರು ಅರ್ಧ ತುಂಬಿ, ಮುಚ್ಚಳ ಹಾಕಿ ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ತೆಗೆದ ತಕ್ಷಣ ಮೂಸಿ. ಬೆಳ್ಳುಳ್ಳಿ ವಾಸನೆ ಬಂದರೆ ಸಾಮಾನ್ಯವಾಗಿ ಅದು ಗಾಜಿನದಲ್ಲ, ಮುಚ್ಚಳದ್ದು. ಮುಚ್ಚಳ ಬದಲಿಸಿ ಇನ್ನೊಮ್ಮೆ ನೋಡಿ.

## ಹಂತ 5: ಮುಚ್ಚಳ ಬಿಗಿಯಬೇಡಿ

ಇದನ್ನು ನಾನು ಓದಿ ಕಲಿತದ್ದಲ್ಲ. ನನ್ನ ಮೊದಲ ಡಬ್ಬಿ ತಂತಿಯ ಕ್ಲಿಪ್ಪು, ರಬ್ಬರ್ ವಾಷರ್ ಇರುವ ಚೆಂದದ ಗಾಜಿನ ಜಾರ್. ಹಿಟ್ಟು ಹಾಕಿ, ಕ್ಲಿಪ್ ಬಿಗಿದು ಸಿದ್ಧಗಂಗೆ ಜಾತ್ರೆಗೆ ಹೋದೆವು. ಶಿವರಾತ್ರಿಯ ಹೊತ್ತು, ಬಿಸಿಲು ಆಗಲೇ ಏರಿತ್ತು. ಸಂಜೆ ಬಂದು ಕ್ಲಿಪ್ ಎತ್ತಿದ್ದೇ ತಡ, ಢಬ್ ಅಂತ ಮುಚ್ಚಳ ಹಾರಿ ಹಿಟ್ಟು ಗೋಡೆಗೆ, ಕ್ಯಾಲೆಂಡರಿಗೆ, ನನ್ನ ಕನ್ನಡಕಕ್ಕೆ. ಗೋಡೆಯ ಮೇಲಿನದು ಒಣಗಿ ಸಿಮೆಂಟಿನಂತಾಗಿತ್ತು. ಗಾಜು ಒಡೆಯಲಿಲ್ಲ ಅನ್ನುವುದು ಅದೃಷ್ಟ ಅಷ್ಟೆ.

ಕಾರಣ ಸರಳ. ಯೀಸ್ಟ್ ಸಕ್ಕರೆ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಒಂದೇ ಒಂದು ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಸುಮಾರು 250 ಮಿಲಿ ಅನಿಲ ಬರುತ್ತದೆ. 400 ಮಿಲಿ ಜಾರಿನಲ್ಲಿ ಖಾಲಿ ಇರುವುದೇ 300 ಮಿಲಿ. ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಏನಾಗಬೇಕೋ ಅದೇ ಆಗುತ್ತದೆ.

ಹಾಗಂತ ತೆರೆದೂ ಇಡುವಂತಿಲ್ಲ, ಮೇಲೆ ಒಣಗಿ ಸಿಪ್ಪೆ ಕಟ್ಟುತ್ತದೆ. ಮುಚ್ಚಳದ ಜಾತಿಗೆ ತಕ್ಕ ಹಾಗೆ ಹೀಗೆ ಮಾಡಿ:

1. ತಿರುಗಿಸುವ ಮುಚ್ಚಳ: ಪೂರ್ತಿ ಬಿಗಿದು, ಆಮೇಲೆ ಅರ್ಧ ಸುತ್ತು ಸಡಿಲಿಸಿ. ಜಾರನ್ನು ಮುಚ್ಚಳ ಹಿಡಿದು ಎತ್ತಬೇಡಿ, ಕೈಗೆ ಮುಚ್ಚಳ ಮಾತ್ರ ಬರುತ್ತದೆ.
2. ಕ್ಲಿಪ್ ಜಾರ್: ರಬ್ಬರ್ ವಾಷರ್ ತೆಗೆದು ಎತ್ತಿಡಿ. ಮುಚ್ಚಳ ಸುಮ್ನೆ ಕೂರಲಿ, ಕ್ಲಿಪ್ ಹಾಕಬೇಡಿ.
3. ಮುಚ್ಚಳವೇ ಇಲ್ಲದ ಬಾಟಲಿ: ಸಣ್ಣ ಸ್ಟೀಲ್ ತಟ್ಟೆ ಕವುಚಿ ಹಾಕಿ. ಇದು ಎಲ್ಲಕ್ಕಿಂತ ಸುಲಭ, ನಾನು ಈಗ ಮಾಡುವುದೂ ಇದೇ.

ಬಟ್ಟೆ ಕಟ್ಟುವುದಾದರೆ ಒತ್ತಾಗಿ ನೇಯ್ದ ಹತ್ತಿ ಬಟ್ಟೆ ಇರಲಿ. ತೆಳು ಮಲ್ ಬಟ್ಟೆಯ ಎಳೆಗಳ ನಡುವೆ ಹಣ್ಣಿನ ನೊಣ ನುಸುಳುತ್ತದೆ. ಬೇಸಿಗೆಯ ಒಣ ಗಾಳಿಗೆ ಬಟ್ಟೆ ಸಾಲದು, ತಟ್ಟೆಯೇ ಸರಿ. ತಗಡಿನ ಮುಚ್ಚಳದ ಒಳಗಿನ ಬಣ್ಣ ಎದ್ದು ತುಕ್ಕು ಕಂಡರೆ ಅದನ್ನು ಬಿಸಾಡಿ.

## ಹಂತ 6: ಖಾಲಿ ತೂಕ ಬರೆದಿಡಿ, ಗೆರೆ ಗುರುತು ಮಾಡಿ

ಜಾರಿನ ಖಾಲಿ ತೂಕವನ್ನು, ಮುಚ್ಚಳ ಇಲ್ಲದೆ, ತಳದಲ್ಲಿ ಮಾರ್ಕರಿನಿಂದ ಬರೆಯಿರಿ. ನಾಳೆ ಒಳಗೆ ಎಷ್ಟು ಉಳಿದಿದೆ ಅಂತ ತಿಳಿಯಲು ಜಾರನ್ನು ತೂಗಿ ಕಳೆದರೆ ಆಯಿತು. ಇದಿಲ್ಲದೆ ಅಂದಾಜಿನಲ್ಲಿ ಹಿಟ್ಟು ಹಾಕುತ್ತಾ ಹೋದವರ ಡಬ್ಬಿ ಒಂದು ವಾರದಲ್ಲಿ ಸದ್ದಿಲ್ಲದೆ ತುಂಬಿಬಿಡುತ್ತದೆ.

ಹಿಟ್ಟು ಹಾಕಿ ಕಲಸಿದ ಮೇಲೆ ಗೋಡೆಗೆ ಹತ್ತಿದ್ದನ್ನು ಕೆಳಗೆ ಕೆರೆದು, ಮಟ್ಟ ಎಲ್ಲಿದೆಯೋ ಅಲ್ಲಿ ಒಂದು ರಬ್ಬರ್ ಬ್ಯಾಂಡ್ ಹಾಕಿ. ತಳದಿಂದ ಅದರ ಎರಡರಷ್ಟು ಎತ್ತರಕ್ಕೆ ಇನ್ನೊಂದು. ಎರಡನೆಯದನ್ನು ಮುಟ್ಟಲು ಎಷ್ಟು ಗಂಟೆ ಆಯಿತು ಅಂತ ಬರೆದಿಟ್ಟುಕೊಳ್ಳಿ.

ಬರೀ ರಾಗಿ ಹಿಟ್ಟು ಹಾಕುವವರಿಗೆ ಒಂದು ಮಾತು. ರಾಗಿಯಲ್ಲಿ ಗ್ಲುಟನ್ ಇಲ್ಲ, ಅನಿಲವನ್ನು ಹಿಡಿದಿಡುವ ಜಿಗುಟು ಇಲ್ಲ. ಹಾಗಾಗಿ ಎರಡನೇ ರಬ್ಬರ್ ಬ್ಯಾಂಡಿಗೆ ಕಾಯಬೇಡಿ. ಗಾಜಿನ ಪಕ್ಕದಿಂದ ಗುಳ್ಳೆಗಳನ್ನು, ಮೇಲಿನ ಬಿರುಕುಗಳನ್ನು ನೋಡಿ. ಗೋಧಿ ಹಿಟ್ಟಿಗೆ ಐದರಲ್ಲಿ ಒಂದು ಭಾಗ ರಾಗಿ ಬೆರೆಸಿದರೆ ಏರುವುದೂ ಕಾಣುತ್ತದೆ, ರುಚಿಯೂ ಬರುತ್ತದೆ.

## ಹಂತ 7: ತೊಳೆಯುವಾಗ ತಣ್ಣೀರು ಮೊದಲು

ಬಿಸಿನೀರು ಹಾಕಿದರೆ ಗೋಡೆಗೆ ಅಂಟಿದ ಹಿಟ್ಟು ಬೆಂದು ಅಂಟಾಗುತ್ತದೆ. ಮೊದಲು ತಣ್ಣೀರಿನಲ್ಲಿ ನೆನೆಸಿ, ಉಜ್ಜಿ, ಹಿಟ್ಟೆಲ್ಲ ಹೋದ ಮೇಲೆ ಬಿಸಿನೀರು. ಸೋಪು ಸ್ವಲ್ಪ ಸಾಕು, ಚೆನ್ನಾಗಿ ಜಾಲಾಡಿಸಿ. ಪ್ಲಾಸ್ಟಿಕ್ ಆದರೆ ಸ್ಟೀಲ್ ನಾರು ಮುಟ್ಟಿಸಬೇಡಿ.

ದಿನಾ ತೊಳೆಯುವ ಅಗತ್ಯ ಇಲ್ಲ. ಅಂಚು ಒರೆಸಿದರೆ ಸಾಕು, ವಾರಕ್ಕೊಮ್ಮೆ ಜಾರ್ ಬದಲಿಸಿ. ಅದಕ್ಕೇ ಒಂದೇ ಅಳತೆಯ ಎರಡು ಜಾರ್ ಇಟ್ಟುಕೊಳ್ಳುವುದು ಒಳ್ಳೆಯದು. ಕುದಿಸಲೇಬೇಕಾಗಿ ಬಂದರೆ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ತಣ್ಣೀರಿನಲ್ಲೇ ಗಾಜನ್ನು ಇಟ್ಟು ನಿಧಾನಕ್ಕೆ ಕಾಯಿಸಿ. ಕುದಿ ಬಂದ ಮೇಲೆ 10 ನಿಮಿಷ.

## ಹಂತ 8: ಇಡುವ ಜಾಗ

ಸ್ಟಾರ್ಟರ್‌ಗೆ 25ರಿಂದ 28 ಡಿಗ್ರಿ ಹಿತ. ತುಮಕೂರಿನ ಏಪ್ರಿಲ್ ಮಧ್ಯಾಹ್ನ ಅದನ್ನು ಎಲ್ಲೋ ದಾಟಿರುತ್ತದೆ. ಆಗ ಸಂಜೆ ಏರಬೇಕಾದ ಹಿಟ್ಟು ಮೂರು ನಾಲ್ಕು ಗಂಟೆಯಲ್ಲೇ ಏರಿ, ಇಳಿದು, ಹುಳಿ ಬಂದು ಕೂತಿರುತ್ತದೆ. ಅಗಲದ ತಟ್ಟೆಯಲ್ಲಿ ನೀರು ಹಾಕಿ ಅದರಲ್ಲಿ ಜಾರ್ ನಿಲ್ಲಿಸಿ, ಸುತ್ತ ಒದ್ದೆ ಬಟ್ಟೆ ಸುತ್ತಿ, ಬಟ್ಟೆಯ ತುದಿ ನೀರಿನಲ್ಲಿರಲಿ. ಒಣ ಹವೆಗೆ ಚೆನ್ನಾಗಿ ತಣಿಯುತ್ತದೆ. ಇರುವೆಯೂ ಹತ್ತುವುದಿಲ್ಲ, ಒಂದೇ ತಟ್ಟೆಗೆ ಎರಡು ಕೆಲಸ. ಡಿಸೆಂಬರ್, ಜನವರಿಯ ರಾತ್ರಿಗೆ ಜಾರನ್ನು ಬಟ್ಟೆಯಲ್ಲಿ ಸುತ್ತಿ ಹಾಟ್‌ಬಾಕ್ಸಿನೊಳಗೆ ಇಡಿ. ಒಲೆಯ ಪಕ್ಕ ಬೇಡ.

ಫ್ರಿಜ್ಜಿಗೆ ಹಾಕುವುದಾದರೆ ಹಿಟ್ಟು ಹಾಕಿ ಒಂದು ಗಂಟೆ ಹೊರಗಿಟ್ಟು ಆಮೇಲೆ ಒಳಗಿಡಿ. ಜಾರಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತುಂಬಿರಬಾರದು. ತಣ್ಣಗಾಗುವ ತನಕ ಅದು ಏರುತ್ತಲೇ ಇರುತ್ತದೆ. ಮುಚ್ಚಳ ಅಲ್ಲೂ ಸಡಿಲವೇ.

## ಎಚ್ಚರಿಕೆಯ ಗುರುತುಗಳು

ಎರಡನೇ ದಿನ ಭಾರೀ ಉಕ್ಕು, ನಾಲ್ಕನೇ ದಿನ ಮೌನ. ಹೊಸದಾಗಿ ಶುರು ಮಾಡಿದವರೆಲ್ಲ ಬೀಳುವ ಗುಂಡಿ ಇದು. ಮೊದಲ ಉಕ್ಕು ಯೀಸ್ಟಿನದಲ್ಲ, ಹಿಟ್ಟಿನಲ್ಲಿದ್ದ ಬೇರೆ ಬ್ಯಾಕ್ಟೀರಿಯಾಗಳದು. ಹುಳಿ ಹೆಚ್ಚಾದಂತೆ ಅವು ಅಡಗುತ್ತವೆ, ಯೀಸ್ಟ್ ತಲೆ ಎತ್ತಲು ಇನ್ನೂ ಕೆಲವು ದಿನ ಬೇಕು. ಚೆಲ್ಲಬೇಡಿ, ಹಿಟ್ಟು ಹಾಕುತ್ತಾ ಇರಿ. ನಾಲ್ಕು ಪಟ್ಟಿನ ಡಬ್ಬಿ ಮೊದಲ ದಿನದಿಂದಲೇ ಬೇಕಾಗುವುದು ಈ ಸುಳ್ಳು ಉಕ್ಕಿಗಾಗಿಯೇ.

ಮೇಲೆ ಬೂದು ನೀರು, ನೇಲ್ ಪಾಲಿಶ್ ತೆಗೆಯುವ ದ್ರವದಂಥ ವಾಸನೆ. ಹಸಿವು. ಹಿಟ್ಟು ಹಾಕಿ. ಡಬ್ಬಿಯ ತಪ್ಪಲ್ಲ.

ಮೇಲೆ ಗಟ್ಟಿ ಸಿಪ್ಪೆ. ಮುಚ್ಚಳ ತೀರಾ ಸಡಿಲ, ಇಲ್ಲವೇ ಡಬ್ಬಿ ತೀರಾ ಅಗಲ. ಸಿಪ್ಪೆ ತೆಗೆದು ಅಡಿಯದನ್ನು ಬಳಸಿ.

ಗುಲಾಬಿ ಅಥವಾ ಕಿತ್ತಳೆ ಬಣ್ಣದ ಗೆರೆ, ನಯವಾದ ರೋಮದಂಥ ಬೂಸ್ಟು. ಪೂರ್ತಿ ಬಿಸಾಡಿ. ಮೇಲಿನದನ್ನು ತೆಗೆದು ಉಳಿದದ್ದನ್ನು ಬಳಸುವುದು ಬೇಡ. ಗಾಜು, ಸ್ಟೀಲ್ ಆದರೆ ಕುದಿಸಿ ಮತ್ತೆ ಬಳಸಬಹುದು. ಪ್ಲಾಸ್ಟಿಕ್ ಆದರೆ ಡಬ್ಬಿಯೂ ಹೋಗಲಿ.

ತೆರೆದಾಗ ಪ್ರತಿಸಲ ಟುಸ್ ಅನ್ನುವ ಸದ್ದು. ಮುಚ್ಚಳ ಬಿಗಿಯಾಗಿದೆ. ಇವತ್ತೇ ಸಡಿಲಿಸಿ.

## ಈಗಿರುವ ಸ್ಟಾರ್ಟರನ್ನು ಹೊಸ ಡಬ್ಬಿಗೆ ಬದಲಿಸುವುದು

ಹಳೆಯ ಡಬ್ಬಿಯ ಗೋಡೆ ಕೆರೆಯಬೇಡಿ. ನಡುಮಧ್ಯದಿಂದ 20 ಗ್ರಾಂ ತೆಗೆದು ಹೊಸ ಜಾರಿಗೆ ಹಾಕಿ. 20 ಗ್ರಾಂ ನೀರಿನಲ್ಲಿ ಕರಗಿಸಿ, ಆಮೇಲೆ 20 ಗ್ರಾಂ ಹಿಟ್ಟು. ನಲ್ಲಿ ನೀರಿಗೆ ಕ್ಲೋರಿನ್ ವಾಸನೆ ಇದ್ದರೆ ಕುದಿಸಿ ಆರಿಸಿದ ನೀರು ಬಳಸಿ. ರಬ್ಬರ್ ಬ್ಯಾಂಡ್ ಹಾಕಿ, ಸಮಯ ಬರೆಯಿರಿ. ಹಳೆಯದನ್ನು ಚೆಲ್ಲದೆ ಫ್ರಿಜ್ಜಿನಲ್ಲಿ ಇಟ್ಟಿರಿ, ಹೊಸ ಜಾರ್ ಕೈ ಜಾರಿದರೂ ಹೆಪ್ಪು ಉಳಿಯುತ್ತದೆ. ಹೊಸದು ಎರಡು ಸಲ ಸರಿಯಾಗಿ ಏರಿದ ಮೇಲೆ ಹಳೆಯ ಹಿಟ್ಟನ್ನು ದೋಸೆ ಹಿಟ್ಟಿಗೆ ಸುರಿದು, ಜಾರನ್ನು ತಣ್ಣೀರಿನಲ್ಲಿ ನೆನೆಯಲು ಹಾಕಿ.